ಅವಳಿಗೊಂದು ಊರು ಹುಡುಕಿದವರು

ಅವರ ಎಡಭುಜ ಬಲಭುಜಕ್ಕಿಂತ ಕೆಳಗಿತ್ತು. ಅಂಗಿಯನ್ನು ಎಷ್ಟು ಚೆನ್ನಾಗಿ ಇಸ್ತ್ರಿ ಮಾಡಿಸಿದ್ದರೂ ಆ ಕಡೆ ಜೋಲು ಬೀಳುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಮಗಳನ್ನು ಹೊತ್ತು ಹೊತ್ತು ಹಾಗಾದದ್ದು. ಆ ಹುಡುಗಿಯ ಕಾಲುಗಳಿಗೆ ಹುಟ್ಟಿದಾಗಿನಿಂದಲೇ ಬಲವಿರಲಿಲ್ಲ. ಮಾತು ತುಸು ಎಳೆದೆಳೆದು ಬರುತ್ತಿತ್ತು, ಬುದ್ಧಿ ಮಾತ್ರ ಬಲು ಚುರುಕು. ಆಲ್ದೂರಿನ ಬಸ್ ನಿಲ್ದಾಣದ ಹಿಂದೆ ಅವರ ಬಾಡಿಗೆ ಮನೆ. ಅಲ್ಲಿಂದ ನಮ್ಮ ಹೈಸ್ಕೂಲಿನ ಏರು ದಾರಿಯಲ್ಲಿ ವೀಲ್‌ಚೇರ್ ಉರುಳುತ್ತಿರಲಿಲ್ಲ. ಅದನ್ನು ಶಾಲೆಯಲ್ಲೇ ಇಟ್ಟು, ಮಗಳನ್ನು ದಿನಾ ಬೆಳಗ್ಗೆ ಎತ್ತಿಕೊಂಡೇ ಬರುತ್ತಿದ್ದರು. ನಾನು ಅಲ್ಲಿ ಸಮಾಜ ವಿಜ್ಞಾನದ ಟೀಚರ್.

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಯ ರುಚಿ ನೋಡುವುದು ಅವರ ಉದ್ಯೋಗ. ಚಮಚದಿಂದ ಸೊರ್ರೆಂದು ಹೀರಿ, ಬಾಯಲ್ಲಿ ಆಡಿಸಿ, ಉಗಿದು, ಆ ಕಾಫಿ ಹೇಗಿದೆ ಎಂದು ಹೇಳಬೇಕು. ಊರಿನವರು ‘ಟೇಸ್ಟರ್’ ಎನ್ನುತ್ತಿದ್ದರು, ನಾನು ‘ಸಾರ್’ ಎನ್ನುತ್ತಿದ್ದೆ. ಮನೆಯಲ್ಲಿ ಅವರು ಕಾಫಿ ಮುಟ್ಟುತ್ತಿರಲಿಲ್ಲ. “ದಿನವಿಡೀ ಕಾಫಿ ಉಗಿಯೋನಿಗೆ ಮನೇಲಿ ಬಿಸಿನೀರೇ ರುಚಿ ಟೀಚರ್,” ಎಂದು ದೊಡ್ಡ ಲೋಟದಲ್ಲಿ ಬಿಸಿನೀರು ಹಿಡಿದು ಕೂರುತ್ತಿದ್ದರು.

ಹುಡುಗಿ ಹತ್ತನೇ ತರಗತಿಯನ್ನು ಒಳ್ಳೆಯ ಅಂಕಗಳಲ್ಲಿ ಪಾಸು ಮಾಡಿದಳು. ನಮ್ಮೂರ ಕಾಲೇಜಿನಲ್ಲಿ ಪಿಯು ತರಗತಿಗಳೆಲ್ಲ ಮಹಡಿಯ ಮೇಲೆ. ದಿನಕ್ಕೆ ಹಲವು ಸಲ ಅವಳನ್ನು ಹತ್ತಿಸಿ ಇಳಿಸುವವರು ಯಾರು? ಓದು ನಿಂತಿತು. ಆಗ ನಾನು ಭಾನುವಾರಗಳಲ್ಲಿ ಅವರ ಮನೆಗೆ ಪಾಠ ಹೇಳಲು ಹೋಗತೊಡಗಿದೆ. ಪಾಠ ಅರ್ಧ, ಹರಟೆ ಅರ್ಧ. ಅವಳ ಅಮ್ಮನನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಕಡುಬು ಬೇಯಿಸಿ ಇಡುತ್ತಿದ್ದರು.

ಕಂಪನಿಯವರು ವರ್ಷಕ್ಕೊಮ್ಮೆಯಾದರೂ ಸಾರ್ ಅವರನ್ನು ಹೊರದೇಶಕ್ಕೆ ಕಳಿಸುತ್ತಿದ್ದರು. ವಾಪಸು ಬಂದ ದಿನ ಮಗಳು ಬಾಗಿಲಲ್ಲೇ ಶುರುಮಾಡುತ್ತಿದ್ದಳು.

“ಟೋಕಿಯೊ ಹೇಗಿದೆ ಅಪ್ಪ?”

“ನಿಲ್ಲು ಮಾರಾಯ್ತಿ, ಶೂ ಆದ್ರೂ ಬಿಚ್ತೀನಿ.”

ಗೋಪುರ, ಅರಮನೆ, ಅಂಗಡಿ ಬೀದಿಗಳ ಸುದ್ದಿ ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಬಸ್ಸಿನ ಬಾಗಿಲು, ಅಂಗಡಿಯ ಹೊಸ್ತಿಲು, ಬಚ್ಚಲು, ಫುಟ್‌ಪಾತಿನ ಅಂಚು ಇವೇ ಸುದ್ದಿ. ಟೋಕಿಯೊದಲ್ಲಿ ವೀಲ್‌ಚೇರನ್ನು ರೈಲಿಗೆ ಹತ್ತಿಸಲು ಸ್ಟೇಷನ್ನಿನವನೊಬ್ಬ ಹಲಗೆ ಹಿಡಿದು ಓಡಿಬರುತ್ತಾನಂತೆ, ಇಳಿಯುವ ಸ್ಟೇಷನ್ನಿನಲ್ಲಿ ಇನ್ನೊಬ್ಬ ಹಲಗೆ ಹಿಡಿದು ಕಾದಿರುತ್ತಾನಂತೆ. “ಮನೆ ಮಾತ್ರ ಬೆಂಕಿಪೊಟ್ಟಣ, ಪುಟ್ಟಿ.”

“ಚಿಕ್ಕದಾದ್ರೆ ಆಗ್ಲಿ. ನಾನು ಹೊರಗೇ ಇರ್ತೀನಲ್ಲ!”

ಲಂಡನ್ನಿನ ಬಸ್ಸುಗಳು ಫುಟ್‌ಪಾತಿನ ಕಡೆಗೆ ಬಗ್ಗಿ ನಿಲ್ಲುತ್ತವೆ, ಆದರೆ ನೆಲದಡಿಯ ರೈಲಿಗೆ ಎಷ್ಟೋ ಕಡೆ ಮೆಟ್ಟಿಲು. ಸಿಂಗಾಪುರದಲ್ಲಿ ಎಲ್ಲಿ ನೋಡಿದರೂ ಲಿಫ್ಟು, ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ವಿಯೆನ್ನಾದ ಹೊಸ ಟ್ರಾಮುಗಳು ಚೆನ್ನ, ಚಳಿ ಇವಳ ಎದೆಗೆ ಆಗುವುದಿಲ್ಲ. ಹೀಗೆ ಅಪ್ಪ ಮಗಳು ಸೇರಿ ಪ್ರಪಂಚದ ದೊಡ್ಡ ದೊಡ್ಡ ನಗರಗಳನ್ನು ನಮ್ಮ ಆಲ್ದೂರಿನಲ್ಲಿ ಕೂತು ಪಾಸು, ಫೇಲು ಮಾಡುತ್ತಿದ್ದರು. ವಾಸಕ್ಕೆ ಯೋಗ್ಯವಾದ ನಗರಗಳೆಂದು ಪೇಪರಿನಲ್ಲಿ ಬಂದರೆ ಸಾರ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಮಡಚಿಡುತ್ತಿದ್ದರು. “ಇದನ್ನ ಬರ್ದೋರಿಗೆ ಕಾಲು ಗಟ್ಟಿ ಇದೆ ಟೀಚರ್,” ಎಂದು ನಗುತ್ತಿದ್ದರು.

ಒಂದು ಸಲ ಅವರು ಬಂದಾಗ ಮುಖವೇ ಬೇರೆಯಾಗಿತ್ತು. ಆ ನಗರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆಮೇಲೆ ಅವರೂ ಅದನ್ನು ಬಾಯಲ್ಲಿ ಎತ್ತಲಿಲ್ಲ. ಕೆಲಸವಿಲ್ಲದ ಒಂದು ದಿನ ಅವರು ಹೋಟೆಲಿನಲ್ಲಿ ವೀಲ್‌ಚೇರ್ ಕೇಳಿ ಪಡೆದು, ತಾವೇ ಅದರಲ್ಲಿ ಕೂತು, ಬೆಳಗ್ಗೆ ಹೊರಟರಂತೆ. ಟ್ರಾಮ್ ಹತ್ತಿದರು. ಪಾರ್ಕಿಗೆ ಹೋದರು. ಲೈಬ್ರರಿಗೆ, ಮಾರ್ಕೆಟ್ಟಿಗೆ ಹೋದರು. ಒಂದು ಕಾಲೇಜಿನೊಳಗೂ ಸುತ್ತಿದರು. ಸಂಜೆಯವರೆಗೂ ನೆಲಕ್ಕೆ ಕಾಲು ಊರಲಿಲ್ಲವಂತೆ.

“ಯಾರೂ ನೋಡ್ಲಿಲ್ಲ ಟೀಚರ್,” ಎಂದರು. ಮಗಳು ಒಳಗೆ ಬಟ್ಟೆ ಬದಲಿಸಿಕೊಳ್ಳುತ್ತಿದ್ದಳು. “ಒಬ್ರೂ ತಿರುಗಿ ನೋಡ್ಲಿಲ್ಲ. ಇಲ್ಲಿ ಬೇಕರಿ ತನಕ ಹೋಗಿ ಬರೋ ಅಷ್ಟರಲ್ಲಿ ಎಷ್ಟು ಜನ ಪಾಪ ಅಂತಾರೆ ಹೇಳಿ. ಅಲ್ಲಿ ಒಬ್ಬ ಮುದುಕ ನಂಗೆ ಬೈದ, ದಾರಿಗೆ ಅಡ್ಡ ನಿಲ್ಲಿಸಿದೀಯ ಅಂತ. ಎಷ್ಟು ಖುಷಿಯಾಯ್ತು ಗೊತ್ತಾ? ನನ್ನ ಮಗಳಿಗೂ ಯಾರಾದ್ರೂ ಹಾಗೆ ಬೈಬೇಕು.” ಹಾಗೆನ್ನುತ್ತಲೇ ಅವರ ಕಣ್ಣು ತುಂಬಿ ಬಂತು.

ಅಲ್ಲಿನ ಪರಿಚಯದವರೊಬ್ಬರ ಕಾಫಿ ಕಂಪನಿ ಅವರಿಗೆ ಕೆಲಸ ಕೊಡಲು ಒಪ್ಪಿತು. ಆ ಮನೆಯಲ್ಲಿ ಅಂಥ ಸಡಗರ ನಾನು ಮತ್ತೆಂದೂ ಕಾಣಲಿಲ್ಲ. ಮಗಳು ಆ ನಗರದ ಟ್ರಾಮ್ ದಾರಿಗಳನ್ನೆಲ್ಲ ಫೋನಿನಲ್ಲಿ ನೋಡಿ ಬಾಯಿಪಾಠ ಮಾಡಿದಳು. ಕಾಲೇಜಿಗೆ ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಎಂದು ನನಗೇ ಪಾಠ ಮಾಡಿದಳು. ಅಕ್ಕ ಅಲ್ಲಿ ಕಡುಬಿನ ತರಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆಗೆ ಬಿದ್ದರು. ವೀಸಾಕ್ಕೆ ಬೇಕಾದ ವೈದ್ಯಕೀಯ ಪರೀಕ್ಷೆಗೆಂದು ಮೂವರೂ ಬೆಂಗಳೂರಿಗೆ ಹೋಗಿ ಬಂದರು.

ಕಾಫಿ ಹೂವು ಬಿಟ್ಟ ಸಮಯ. ಸಾರ್ ಒಂದು ಮಧ್ಯಾಹ್ನ ಶಾಲೆಗೇ ಬಂದು ಸ್ಟಾಫ್ ರೂಮಿನ ಹೊರಗೆ ನಿಂತರು. ನಾನು ಹೊರಗೆ ಬಂದೆ.

“ನಾನು ಬರಬಹುದಂತೆ. ಅವಳಮ್ಮನೂ ಬರಬಹುದಂತೆ,” ಎಂದರು.

“ಅವಳು?” ಎಂದೆ.

“ಅವಳನ್ನ ನೋಡ್ಕೊಳ್ಳೋ ಖರ್ಚು ಅವರ ದೇಶಕ್ಕೆ ಹೊರೆ ಆಗುತ್ತಂತೆ ಟೀಚರ್. ಹೊರೆ. ಇಷ್ಟು ವರ್ಷ ಹೊತ್ತಿದ್ದೀನಿ, ನಂಗೆ ಯಾವತ್ತೂ ಭಾರ ಅನ್ನಿಸ್ಲಿಲ್ಲ. ಅವರು ಅವಳನ್ನ ಒಂದು ಸಲ ನೋಡೂ ಇಲ್ಲ.”

ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ನಮ್ಮಿಬ್ಬರ ನಡುವೆಯೇ ನುಗ್ಗಿ ಓಡಿದರು. ಗಲಾಟೆ ಇಳಿದ ಮೇಲೆ ಅವರು ಮೆಲ್ಲಗೆ ಹೇಳಿದರು: “ಅವಳಿಂದಾಗಿ ಆಗ್ಲಿಲ್ಲ ಅಂತ ಅವಳಿಗೆ ಗೊತ್ತಾಗ್ಬಾರ್ದು. ನನ್ನ ಎದೆ ಎಕ್ಸ್‌ರೇಲಿ ಏನೋ ಕಾಣ್ತು, ಅದಕ್ಕೇ ಬೇಡ ಅಂದ್ರು ಅಂತ ಹೇಳ್ತೀನಿ. ನೀವೂ ಹಾಗೇ ಹೇಳ್ಬೇಕು.”

ಒಪ್ಪಿಕೊಂಡೆ. ಅಂದು ಸಂಜೆ ಅವರ ಜೊತೆಗೇ ಮನೆಗೆ ಹೋದೆ. ಅವರು ಹೇಳಿದ್ದನ್ನು ಮಗಳು ತಲೆ ತಗ್ಗಿಸಿ ಪೂರ್ತಿ ಕೇಳಿದಳು. ಆಮೇಲೆ ಕೈ ಚಾಚಿ ಅವರ ಅಂಗಿಯ ತುದಿ ಹಿಡಿದು ಎಳೆದಳು. “ಹೋಗ್ಲಿ ಬಿಡಪ್ಪ. ನಿನ್ನ ಬಿಟ್ಟು ನಾವ್ಯಾಕೆ ಹೋಗೋದು? ಮೊದ್ಲು ಎದೆಗೆ ಔಷಧಿ ತಗೋ.”

ಸುಳ್ಳನ್ನು ಸಾಕಬೇಕಾಯಿತು. ಮೆಡಿಕಲ್ ಶಾಪಿನಿಂದ ಏನೋ ವಿಟಮಿನ್ ಮಾತ್ರೆ ತಂದು ಊಟವಾದ ಮೇಲೆ ಮಗಳ ಎದುರಿಗೇ ನುಂಗತೊಡಗಿದರು. ಮರೆತರೆ ಅವಳು ಬಿಡುತ್ತಿರಲಿಲ್ಲ. “ಅಪ್ಪ, ಮಾತ್ರೆ!” ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ಏರು ಹತ್ತುವಾಗ ನಿಂತು ಉಸಿರು ತೆಗೆದುಕೋ ಎನ್ನುತ್ತಿದ್ದಳು. ಅವರು ಸುಮ್ಮನೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

ಆ ಬೇಸಿಗೆ ಅವರು ಕೈಕಟ್ಟಿ ಕೂರಲಿಲ್ಲ. ಊರಿನ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹೋಗಿ, “ಮಗಳನ್ನ ಮೇಲೆ ತರೋಕೆ ಆಗಲ್ಲ ಸಾರ್, ಕ್ಲಾಸನ್ನೇ ಕೆಳಗೆ ತನ್ನಿ,” ಎಂದು ಕೇಳಿದರು. ಒಂದು ದಿನ ಕೇಳಿ ಬಿಡಲಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ದಿನಾ ಹೋಗಿ ಬೆಂಚಿನ ಮೇಲೆ ಕೂತರು. ಕೊನೆಗೆ ಪ್ರಿನ್ಸಿಪಾಲರೇ ನಕ್ಕು, “ಆಯ್ತು ಮಾರಾಯ್ರೆ, ಎದ್ದೇಳಿ,” ಎಂದು ಕೆಳಗಿನ ಸಾಮಾನು ಕೋಣೆ ಖಾಲಿ ಮಾಡಿಸಿ ಆರ್ಟ್ಸ್ ತರಗತಿಯನ್ನು ಅಲ್ಲಿಗೆ ಇಳಿಸಿದರು. ಬೇಕರಿಯವನನ್ನು ಒಪ್ಪಿಸಿ ಅವನ ಮೆಟ್ಟಿಲ ಪಕ್ಕ ಸಿಮೆಂಟಿನ ಇಳಿಜಾರು ಮಾಡಿಸಿದರು. ಅದರ ಮೇಲೆ ಮೊದಲ ಸಲ ವೀಲ್‌ಚೇರ್ ಉರುಳಿಸಿಕೊಂಡು ಹೋಗಿ ಹುಡುಗಿ ತಾನೇ ದಿಲ್‌ಪಸಂದ್ ಕೊಂಡು ತಂದು ನನಗೆ ಕೊಟ್ಟಳು.

ಕಾಲೇಜು ಶುರುವಾದ ಮೇಲೆ ಒಂದು ಭಾನುವಾರ ನಾನು, ಅವಳು ಇಬ್ಬರೇ ಇದ್ದೆವು. ಪಾಠದ ನಡುವೆ ಅವಳು ಪೆನ್ನು ಕೆಳಗಿಟ್ಟಳು.

“ಟೀಚರ್, ಅಪ್ಪನ ಎದೆಗೆ ಏನೂ ಆಗಿಲ್ಲ. ಬೆಂಗಳೂರಲ್ಲಿ ಡಾಕ್ಟ್ರು ನನ್ನೆದುರಿಗೇ ಹೇಳಿದ್ರು, ಚೆನ್ನಾಗಿದೆ ಅಂತ. ನನ್ನನ್ನ ಮಾತ್ರ ತುಂಬಾ ಹೊತ್ತು ನೋಡಿದ್ರು.”

ನಾನು ಪುಸ್ತಕ ತಿರುವುವ ನೆಪ ಮಾಡಿದೆ.

“ನಂಗೊತ್ತು ಅಂತ ಅಪ್ಪಂಗೆ ಹೇಳ್ಬೇಡಿ. ಪಾಪ, ದಿನಾ ಆ ಮಾತ್ರೆ ನುಂಗ್ತಾನೆ.”

ಅವಳಿಗೂ ಮಾತು ಕೊಟ್ಟೆ.

ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಅವಳು ಹೋದಳು. ನೆಗಡಿಯಿಂದ ಶುರುವಾಗಿ ಎದೆಗೆ ಇಳಿಯಿತು. ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ನಾನು ನೋಡಲು ಹೋದ ದಿನ ಅವಳ ಮೂಗಿಗೆ ಆಮ್ಲಜನಕದ ನಳಿಗೆ ಇತ್ತು. ಆದರೂ ಅಪ್ಪನ ಕಡೆ ಬೆರಳು ತೋರಿಸಿ ಅಕ್ಕನಿಗೆ ಹೇಳಿದಳು: “ಮಾತ್ರೆ ಮರ್ತಿದಾನೆ ನೋಡು.” ಸಾರ್ ಜೇಬಿನಿಂದ ತೆಗೆದು, ನೀರಿಲ್ಲದೆ, ಅವಳು ನೋಡುತ್ತಿರುವಂತೆಯೇ ನುಂಗಿದರು.

ಆಂಬುಲೆನ್ಸಿನಿಂದ ಮನೆಯೊಳಗೆ ಅವಳನ್ನು ತರುವಾಗ ಅವರು ಯಾರನ್ನೂ ಮುಟ್ಟಗೊಡಲಿಲ್ಲ. ಎಂದಿನಂತೆ ಎಡಗಡೆಗೆ ಎತ್ತಿಕೊಂಡು ತಾವೇ ಇಳಿದರು.

ಮತ್ತೆ ಅವರು ಹೊರದೇಶಕ್ಕೆ ಹೋಗಲಿಲ್ಲ. ಕಂಪನಿಯವರು ಕರೆದರೆ ಕಿರಿಯರ ಹೆಸರು ಹೇಳುತ್ತಿದ್ದರು. ರುಚಿ ನೋಡುವ ಕೆಲಸವೂ ಕೈ ಬಿಟ್ಟಿತು. “ಎಲ್ಲ ಕಾಫಿನೂ ಒಂದೇ ಥರ ಇದೆ ಟೀಚರ್. ನೀರಿನ ಥರ,” ಎಂದರು ಒಮ್ಮೆ. ಕಂಪನಿ ಅವರನ್ನು ಗೋಡೌನ್ ಕಡೆಗೆ ಹಾಕಿತು. ಸಂಜೆ ಬೇಕರಿಯ ಎದುರು ಹಾದುಹೋಗುವಾಗ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು.

ಕಳೆದ ವರ್ಷ ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ, ಗೋಡೌನಿನಲ್ಲಿ ನಿಂತಿದ್ದವರು ಹಾಗೇ ಕುಸಿದರಂತೆ. ನಿಜಕ್ಕೂ ಎದೆಯದೇ ತೊಂದರೆ. ಸುದ್ದಿ ತಿಳಿದು ಆಸ್ಪತ್ರೆಗೆ ಹೋದೆ. ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದರು. ಸಾರ್ ನನ್ನನ್ನು ಹತ್ತಿರ ಕರೆದರು. ದನಿ ಕ್ಷೀಣವಾಗಿತ್ತು.

“ನಮ್ಮ ಪುಟ್ಟಿಗೆ ಗೊತ್ತಾಗ್ಲಿಲ್ಲ ಅಲ್ವಾ ಟೀಚರ್?”

“ಇಲ್ಲ ಸಾರ್,” ಎಂದೆ.

“ನಿಮ್ಮ ಹತ್ರ ಏನೂ ಕೇಳ್ಲಿಲ್ಲ ಅಲ್ವಾ?”

“ಏನೂ ಕೇಳ್ಲಿಲ್ಲ. ನಿಮ್ಮ ಎದೆಯದೇ ಚಿಂತೆ ಅವಳಿಗೆ.”

“ಸದ್ಯ,” ಎಂದು ಕಣ್ಣು ಮುಚ್ಚಿಕೊಂಡರು. ಮರುದಿನ ಬೆಳಗ್ಗೆ ತೀರಿಹೋದರು.

ಅಕ್ಕ ಈಗ ಮೂಡಿಗೆರೆಯಲ್ಲಿ ತಮ್ಮ ತಂಗಿಯ ಜೊತೆ ಇದ್ದಾರೆ. ಇಬ್ಬರ ಮಾತನ್ನೂ ಒಬ್ಬಳೇ ಹೊತ್ತು ತಿರುಗಲಾರದೆ ಮೊನ್ನೆ ಹೋಗಿ ಅವರಿಗೆ ಎಲ್ಲ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು.

“ನಂಗೂ ಹೇಳಿದ್ಲು,” ಎಂದರು ಆಮೇಲೆ. “ಅಪ್ಪಂಗೆ ಹೇಳ್ಬೇಡ ಅಂತ ನನ್ನ ಕೈಲೂ ಆಣೆ ಹಾಕಿಸ್ಕೊಂಡಿದ್ಲು.”

ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಉಳಿದ ಸೊಪ್ಪನ್ನು ಇಬ್ಬರೂ ಸೇರಿ ಬಿಡಿಸಿದೆವು.