ಯಾರೂ ಕೇಳದ ಮೇಷ್ಟರು

ಎಮರ್ಜೆನ್ಸಿಯಲ್ಲಿ ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಬಂದ ಟಪಾಲಿಗೆಲ್ಲ ನಂಬರು ಹಾಕುವುದು ನನ್ನ ಕೆಲಸ. ಜೈಲಿನಲ್ಲಿದ್ದ ಒಬ್ಬ ಮೇಷ್ಟರನ್ನು ಬಿಡಿ ಎಂದು ಪರದೇಶದವರು ದಿನವೂ ಕಾರ್ಡು ಬರೆಯುತ್ತಿದ್ದರು.

ಒಂದು ದಿನ ಮೇಷ್ಟರ ಹೆಂಡತಿಯೇ ಬಂದರು. "ಅವರನ್ನು ಯಾರಾದರೂ ಕೇಳಿದ್ದಾರಾ?"

"ಎಲ್ಲರೂ ಮರೆತಿದ್ದಾರೆ, ಬೆಹನ್‌ಜೀ," ಎಂದರು ಸಾಹೇಬರು.

ನಾನು ರಿಜಿಸ್ಟರು ತಂದು ಆಕೆಯ ಮುಂದೆಯೇ ಬಿಚ್ಚಿದೆ. "ಸರ್, ಮೇಷ್ಟರ ಕಾರ್ಡು ಇವತ್ತೂ ಒಂದು ಕಟ್ಟು ಬಂದಿದೆ. ಯಾವ ಫೈಲಿಗೆ ಹಾಕಲಿ?"

ಆಕೆ ಕಾಣದ ಊರುಗಳ ಹೆಸರಿನ ಮೇಲೆ ಬೆರಳಾಡಿಸುತ್ತ ನಿಂತುಬಿಟ್ಟರು.

ಆಕೆ ಹೋದ ಮೇಲೆ ಸಾಹೇಬರು, "ನಿನಗೆ ತಲೆ ಇದೆಯಾ?" ಎಂದರು.

"ಹತ್ತನೇ ಕ್ಲಾಸಿನವರೆಗೆ ಇದೆ, ಸರ್."

ಮರುದಿನ ನನ್ನನ್ನು ಪರದೇಶಕ್ಕೆ ಉತ್ತರ ಕಳಿಸುವ ಮೇಜಿಗೆ ಹಾಕಿದರು. ಅಲ್ಲಿಂದ ಉತ್ತರ ಒಂದೂ ಹೋಗುತ್ತಿರಲಿಲ್ಲ. ಮಗಳಿಗೆ ಎರಡು ಸ್ವೆಟರ್ ಹೆಣೆದೆ.