ಊಟಕ್ಕೆ ಕಾದು ಕೂತ ಮಳೆ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋದಲ್ಲಿ ಹೇಳಿದಾಗಲೆಲ್ಲ ನಮ್ಮ ಮನೆಯ ಮೊಮ್ಮಕ್ಕಳು ನನ್ನ ಮುಖ ನೋಡುತ್ತಾರೆ. "ಅಜ್ಜಿ, ಈ ಸಲ ಯಾರಿಗೆ ಊಟ ಹಾಕೋದು ಮರೆತೆ?" ಎಂದು ಕೇಳುತ್ತಾರೆ. ಒಂದು ಚಂಡಮಾರುತವನ್ನೇ ಎಬ್ಬಿಸಿದ ಕೀರ್ತಿ ನನ್ನದು. ಸಮುದ್ರವನ್ನು ಮಾತ್ರ ಇವತ್ತಿಗೂ ಕಣ್ಣಿಂದ ನೋಡಿದವಳಲ್ಲ.

ನಾನು ಹುಟ್ಟಿ ಬೆಳೆದದ್ದು ಜಗಳೂರಿನಲ್ಲಿ. ಅಲ್ಲಿ ಮಳೆ ಎಂದರೆ ದೂರದ ನೆಂಟ. ಬಂದರೆ ಸಂಭ್ರಮ, ಬಾರದಿದ್ದರೆ ಅವನ ಸುದ್ದಿಯನ್ನೇ ಮಾತಾಡಿಕೊಂಡು ಕೂರುವುದು. ನನಗೆ ಮಾತು ಕಲಿಸಿದವಳು ನಮ್ಮಜ್ಜಿ. ಅವಳ ಬಾಯಲ್ಲಿ ಮಳೆ ನಕ್ಷತ್ರಗಳೆಲ್ಲ ಬೀದಿಯ ಹೆಂಗಸರ ಹಾಗೆ ಓಡಾಡಿಕೊಂಡಿದ್ದವು. ಮಘೆ ಧಾರಾಳಿ, ಹುಬ್ಬೆ ಜಿಪುಣಿ, ಚಿತ್ತೆ ಕುರುಡಿ, ಎಲ್ಲಿ ಎರಚಿದಳೋ ಅಲ್ಲೇ ಬೆಳೆ. ಸ್ವಾತಿ ಹಠಮಾರಿ, ಬಂದು ಕೂತರೆ ಏಳುವವಳಲ್ಲ. ಇಷ್ಟು ವಿದ್ಯೆಯನ್ನು ಸೆರಗಿಗೆ ಕಟ್ಟಿಕೊಂಡು ನಾನು ಯುದ್ಧದ ಕಾಲದ ಒಂದು ವೈಶಾಖದಲ್ಲಿ ಮದುವೆಯಾಗಿ ನ್ಯಾಮತಿಗೆ ಬಂದೆ.

ನಮ್ಮ ಅತ್ತೆ ಚನ್ನಗಿರಿ ಕಡೆಯವರು, ಕೆರೆಯನ್ನೂ ಗದ್ದೆಯನ್ನೂ ಕಂಡವರು. ನಾನು ಬಂದ ಹೊಸದರಲ್ಲಿ ಒಂದು ಸಂಜೆ ಮಳೆ ಹೊಡೆಯಿತು. ಎಲ್ಲರೂ ಒಳಗೆ ಓಡಿದರೆ ನಾನು ಹೊರಗೆ ಓಡಿ, ಅಂಗಳದಲ್ಲಿ ಕೈಯೊಡ್ಡಿ ನಿಂತೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಏನವ್ವಾ, ನಿಮ್ಮೂರಾಗೆ ಮೋಡ ಬಂದ್ರೆ ಕೂರಿಸಿ ಬೆಲ್ಲ ನೀರು ಕೊಡ್ತೀರಂತಲ್ಲ, ಹೌದೇನು?"

"ಕೊಡ್ತೀವಿ ಅತ್ತೆ. ಅದು ಕುಡಿಯೋ ತನಕ ಕೂರಬೇಕಲ್ಲ."

ಅವರು ನಕ್ಕುಬಿಟ್ಟರು. ಅತ್ತೆಯನ್ನು ನಗಿಸಿದೆ ಎಂದು ನನ್ನ ತಲೆ ಸ್ವಲ್ಪ ತಿರುಗಿತು. ಮುಂದೆ ಆದದ್ದಕ್ಕೆಲ್ಲ ಮೂಲ ಅಲ್ಲೇ ಇರಬೇಕು.

ಆ ವರ್ಷ ಮುಂಗಾರು ಚೆನ್ನಾಗಿಯೇ ಶುರುವಾಗಿ, ಮಘೆಯ ಹೊತ್ತಿಗೆ ಬಾಯಿ ಕಟ್ಟಿತು. ಹೊಲದಲ್ಲಿ ಶೇಂಗಾ ಹೂ ಬಿಟ್ಟು ಬಾಡತೊಡಗಿತು. ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಆಕಾಶ ನೋಡಿ ನಿಟ್ಟುಸಿರು ಬಿಡುತ್ತಿದ್ದಾಗ ನನಗೆ ಬಾಯಿ ತಡೆಯಲಿಲ್ಲ.

"ನಮ್ಮೂರಾಗೆ ಗುರ್ಜಿ ಹೊರ್ತಾರೆ. ಗುರ್ಜಿ ಹೊತ್ರೆ ಮಳೆ ಬರ್ಲೇಬೇಕು."

"ಹಂಗಂದ್ರೇನೇ?"

ಹೇಳಿದೆ. ರೊಟ್ಟಿ ಸುಡುವ ಹಂಚನ್ನು ಬೋರಲಾಗಿ ತಲೆಯ ಮೇಲೆ ಇಡಬೇಕು. ಅದರ ಮೇಲೆ ಸಗಣಿಯಿಂದ ಮಾಡಿದ ಮಳೆದೇವಿಯ ಪುಟ್ಟ ಗೊಂಬೆ, ಅದೇ ಗುರ್ಜಿ, ಅದನ್ನು ಕೂರಿಸಿ ಗರಿಕೆ ಸಿಗಿಸಬೇಕು. ಮನೆಮನೆಯ ಮುಂದೆ ನಿಂತರೆ ಆ ಮನೆಯವರು ತಲೆಯ ಮೇಲೆ ನೀರು ಸುರಿದು, ಹಿಟ್ಟು ಬೆಲ್ಲ ಕೊಡುತ್ತಾರೆ. ಹೊತ್ತವಳು ಗಿರಗಿರನೆ ಸುತ್ತಬೇಕು.

"ನೀನು ಹೊತ್ತಿದ್ದೆಯಾ?"

"ಓ, ಹೊತ್ತಿದ್ದೆ!"

ಅದು ಸುಳ್ಳಲ್ಲ. ಚಿಕ್ಕವಳಿದ್ದಾಗ ಒಂದೇ ಒಂದು ಸಲ ಹೊತ್ತಿದ್ದೆ. ಆ ವರ್ಷ ಊರಿಗೆ ಮಳೆ ಬರಲಿಲ್ಲ, ನನಗೆ ನೆಗಡಿ ಬಂತು. ಆದರೆ ಅಷ್ಟು ವಿವರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸ ಸೊಸೆ ಬೀದಿಯಲ್ಲಿ ಸುತ್ತುವುದೇ ಎಂದು ಮಾವ ಗೊಣಗಿದರು. ಅತ್ತೆ, "ಶೇಂಗಾ ಒಣಗಿದ್ರೆ ಸೊಸೆ ಮರ್ಯಾದೆ ಇಟ್ಕೊಂಡು ಎಣ್ಣೆ ಗಾಣಕ್ಕೆ ಹಾಕ್ತೀರೇನು?" ಎಂದರು. ಹಂಚು ತಲೆಗೇರಿತು.

ಒಂದು ಸಂಗತಿ ನನಗೆ ನೆನಪಿರಲಿಲ್ಲ. ಹಂಚನ್ನು ಬೋರಲು ಹಾಕಿದರೆ ಮಸಿ ಹಿಡಿದ ಬೆನ್ನು ಮೇಲಾಗುತ್ತದೆ. ಜಗಳೂರಿನಲ್ಲಿ ನೀರಿಗೇ ತತ್ವಾರ, ಚೊಂಬಿನಲ್ಲಿ ಚಿಮುಕಿಸಿ ಮುಗಿಸುತ್ತಿದ್ದರು. ನ್ಯಾಮತಿಯವರು ಕೊಡಗಟ್ಟಲೆ ಸುರಿದರು. ನಾಲ್ಕನೆಯ ಮನೆ ದಾಟುವಷ್ಟರಲ್ಲಿ ಹಂಚಿನ ಮಸಿಯೆಲ್ಲ ಹಣೆ, ಕೆನ್ನೆ, ಕುತ್ತಿಗೆಗೆ ಇಳಿದಿತ್ತು. ನಮ್ಮ ಯಜಮಾನರು ಹೊನ್ನಾಳಿಗೆ ಹೋಗಿದ್ದವರು ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಎದುರಾದರು. ಒಂದು ಕ್ಷಣ ನೋಡಿ, ಪಕ್ಕಕ್ಕೆ ಸರಿದು, ಬಹಳ ಮರ್ಯಾದೆಯಿಂದ, "ಹೋಗ್ರಿ ತಾಯಿ, ಹೋಗ್ರಿ" ಎಂದರು. ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೊಂದೇ ಸಲ.

ಮಾರನೆಯ ದಿನ ಮಳೆ ಬಂತು.

ಬಂತು ಎಂದರೆ ಹಿತವಾಗಿ, ನೆಲ ಕುಡಿಯುವಷ್ಟು. ಊರವರು ನನ್ನನ್ನು ನೋಡುವ ಕಣ್ಣೇ ಬದಲಾಯಿತು. ಬಾವಿಯಲ್ಲಿ ನನ್ನ ಕೊಡಕ್ಕೆ ಮೊದಲು ಹಗ್ಗ ಸಿಗತೊಡಗಿತು. ನಾನು ಮಾತ್ರ ಇದೇನು ದೊಡ್ಡದು ಎನ್ನುವ ಹಾಗೆ ಸೆರಗು ಸರಿಮಾಡಿಕೊಂಡು ನಡೆಯುತ್ತಿದ್ದೆ. ಆ ನಡಿಗೆಯಲ್ಲಿ ಮುಖ್ಯವಾದದ್ದೇ ಮರೆತೆ. ಮಳೆ ಬಂದ ಮೇಲೆ ಗುರ್ಜಿಗೆ ಊಟ ಹಾಕಬೇಕು. ಕೂಡಿಸಿದ ಹಿಟ್ಟು ಬೆಲ್ಲದಲ್ಲಿ ಕಡುಬು ಮಾಡಿ, ಎಡೆ ಇಟ್ಟು, ಹರಿಯುವ ನೀರಿಗೆ ಬಿಟ್ಟು, ಹೋಗಿ ಬಾ ಎನ್ನಬೇಕು. ಆದರೆ ಮಳೆ ಬಿದ್ದದ್ದೇ ಊರಿಗೆ ಊರೇ ಕಳೆ ತೆಗೆಯಲು ಹೊಲಕ್ಕೆ ಇಳಿಯಿತು. ಹಿಟ್ಟಿನ ಗಡಿಗೆ ಅಟ್ಟ ಹತ್ತಿತು. ಗುರ್ಜಿಯನ್ನು ನಾನೇ ಕೊಟ್ಟಿಗೆಯ ಗೂಡಿನಲ್ಲಿ ಕೂರಿಸಿ ಬಂದೆ. ಕೂರಿಸಿದವಳು ಮತ್ತೆ ಅತ್ತ ತಿರುಗಿ ನೋಡಲಿಲ್ಲ.

ಸ್ವಾತಿ ಬಂದಿತು, ದೀಪಾವಳಿ ಹತ್ತಿರವಾಯಿತು. ಮದುವೆಯಾದ ಮೊದಲ ದೀಪಾವಳಿಗೆ ಮಗಳು ಅಳಿಯನನ್ನು ಕರೆಯಲು ಅಪ್ಪನೇ ಬರಬೇಕು. ಕರೆಯದೆ ಹೋಗುವ ಹಾಗಿಲ್ಲ. ಅಪ್ಪ ಬರುತ್ತೇನೆಂದು ಹೇಳಿ ಕಳಿಸಿದ್ದ. ನಾನು ಟ್ರಂಕಿಗೆ ಸೀರೆ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. ನನಗೆ ಬೇಕಾಗಿದ್ದುದು ಹೊಸ ಸೀರೆಯಲ್ಲ, ಹೋಳಿಗೆಯೂ ಅಲ್ಲ. ನರಕ ಚತುರ್ದಶಿಯ ಬೆಳಿಗ್ಗೆ ನಮ್ಮಜ್ಜಿ ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡು ಎಣ್ಣೆ ತಟ್ಟುತ್ತಾಳೆ. ಆ ಒರಟು ಕೈ ಬೇಕಾಗಿತ್ತು. ಅದಕ್ಕೆ ನಾನು ದಿನ ಎಣಿಸುತ್ತಿದ್ದೆ.

ಆಗ ಗಾಳಿ ತಿರುಗಿತು.

ಮಾವ ಕಟ್ಟೆಯ ಮೇಲೆ ಕೂತು ಮೂಗು ಎತ್ತಿ, "ಮೂಡಗಾಳಿ ಹಿಡೀತು. ಇದು ಸುಮ್ನೆ ಬಿಡೋದಲ್ಲ" ಎಂದರು. ಸಂಜೆಗೆ ಮಳೆ ಶುರುವಾಯಿತು. ಇದು ನನ್ನ ಹಿತವಾದ ಮಳೆಯಾಗಿರಲಿಲ್ಲ. ಅಡ್ಡಗಾಳಿ ಹೆಂಚುಗಳನ್ನು ಎತ್ತಿ ನೋಡಿ ಮತ್ತೆ ಇಡುತ್ತಿತ್ತು. ಕಿತ್ತು ಗುಡ್ಡೆ ಹಾಕಿದ್ದ ಶೇಂಗಾ ಹೊಲದಲ್ಲೇ ನೆನೆಯಿತು. ಹಳ್ಳ ತುಂಬಿ ಗಾಡಿ ದಾರಿ ಕಡಿಯಿತು. ಬಸ್ಸು ನಿಂತಿತು. ಇಂಥದರಲ್ಲಿ ಅಪ್ಪ ಬರುವುದು ಹೇಗೆ?

ಮನೆಯಲ್ಲಿ ಎಲ್ಲರಿಗೂ ಒಂದೊಂದು ಕಾರಣ ಗೊತ್ತಿತ್ತು. ಪಂಚಾಂಗದಲ್ಲಿ ಈ ಸಲ ಸ್ವಾತಿಗೆ ಆನೆ ವಾಹನ ಎಂದರು ಅತ್ತೆ. ಆನೆಗೂ ಇದಕ್ಕೂ ಸಂಬಂಧವಿಲ್ಲ, ಎಲ್ಲ ಮೂಡಗಾಳಿಯದೇ ಎಂದರು ಮಾವ. ಶಿವಮೊಗ್ಗೆಯಲ್ಲಿ ಓದುತ್ತಿದ್ದ ನನ್ನ ಮೈದುನ ರಜೆಗೆ ಬಂದಿದ್ದ. ಅವನು ಬಚ್ಚಲ ಒಲೆಯ ಮುಂದೆ ಕೂತು, ಕಾಯುತ್ತಿದ್ದ ಹಂಡೆಯನ್ನೇ ತೋರಿಸಿ ನನಗೆ ಪಾಠ ಮಾಡಿದ.

"ಅತ್ತಿಗೆ, ಇದೇ ಬಂಗಾಳದ ಸಮುದ್ರ ಅನ್ಕೊಳ್ರಿ. ಒಲೆ ಹಚ್ಚಿದ ತಕ್ಷಣ ನೀರು ಕಾಯ್ತದಾ? ಇಲ್ಲ. ಬೇಸಿಗೆ ಬಿಸಿಲೆಲ್ಲ ಕುಡ್ದು ಕುಡ್ದು ಸಮುದ್ರ ತಡವಾಗಿ ಕಾಯ್ತದೆ. ಆಮೇಲೆ ಆವಿ ಮೇಲೇಳ್ತದೆ. ಮೇಲೆ ಹೋಗಿ ಅದು ನೀರಾಗುವಾಗ ಒಳಗಿನ ಶಾಖ ಬಿಡ್ತದೆ. ಆ ಶಾಖಕ್ಕೆ ಗಾಳಿ ಇನ್ನೂ ಮೇಲಕ್ಕೆ ಹೋಗ್ತದೆ. ಕೆಳಗೆ ಜಾಗ ಖಾಲಿ. ಸುತ್ತಲ ಗಾಳಿ ಅಲ್ಲಿಗೆ ನುಗ್ತದೆ. ಭೂಮಿ ತಿರುಗ್ತಾ ಇರೋದ್ರಿಂದ ನೆಟ್ಟಗೆ ನುಗ್ಗಾಕೆ ಆಗಲ್ಲ, ಸುತ್ತಿ ಸುಳಿಯಾಗ್ತದೆ."

"ಹಂಗಾದ್ರೆ ಆಷಾಢ ಶ್ರಾವಣದಾಗೆ ಯಾಕೆ ಇಂಥದ್ದು ಏಳಲ್ಲ?"

"ಕೆಲವು ದೇಶದ ಸಮುದ್ರದಾಗೆ ಆಗಲೇ ಏಳ್ತಾವೆ. ನಮ್ಮಲ್ಲಿ ಮುಂಗಾರಿನ ಗಾಳಿ ಕೆಳಗೆ ಒಂದು ಕಡೆ ಹೋದ್ರೆ ಮೇಲಿನ ಗಾಳಿ ಇನ್ನೊಂದು ಕಡೆ ಹೋಗ್ತದೆ. ಎರಡೂ ಸೇರಿ ಸುಳೀನ ಎಳೆದು ಹರಿದು ಹಾಕ್ತಾವೆ. ಆ ಜಗಳ ಮುಗಿದ ಮೇಲೆ ಇದರ ಆಟ."

ನನಗೆ ಅರ್ಥವಾಯಿತು ಎಂದು ತಲೆಯಾಡಿಸಿದೆ. ಅರ್ಥವಾದದ್ದು ಇಷ್ಟು: ಮೇಲಿನವರೂ ಕೆಳಗಿನವರೂ ಜಗಳವಾಡುತ್ತಿರುವ ತನಕ ಮನೆ ಸುರಕ್ಷಿತ. ಅಷ್ಟು ನನಗೆ ಮದುವೆಯಾದ ಮೇಲೆ ತಾನಾಗಿಯೇ ತಿಳಿದಿತ್ತು.

"ಯಾವಾಗ ನಿಲ್ತದೆ, ಅದು ಹೇಳು" ಎಂದೆ.

"ನೆಲಕ್ಕೆ ಬಂದ್ಮೇಲೆ ಅದಕ್ಕೆ ಬಿಸಿ ನೀರು ಸಿಗಲ್ಲ. ಉಪವಾಸ ಬಿದ್ದು ತಾನೇ ಸಾಯ್ತದೆ."

ಅಷ್ಟರಲ್ಲಿ ಒಲೆಗೆ ಒಣ ಕುಳ್ಳು ತರಲು ಕೊಟ್ಟಿಗೆಗೆ ಹೋಗಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ಅಯ್ಯೋ, ಇವಳಿನ್ನೂ ಇಲ್ಲೇ ಕೂತವ್ಳೆ ನೋಡೇ!"

ಗೂಡಿನಲ್ಲಿ ಗುರ್ಜಿ ಒಣಗಿ, ಗರಿಕೆ ಹಳದಿಯಾಗಿ, ಗೋಡೆಗೆ ಒರಗಿಕೊಂಡು ಕೂತಿತ್ತು. ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟರು.

"ಕರ್ಕೊಂಡು ಬಂದೆ. ಕೂರಿಸಿದೆ. ಊಟಕ್ಕೆ ಹಾಕ್ದೆಯಾ?"

ನಾನು ಅಟ್ಟದ ಗಡಿಗೆಯತ್ತ ನೋಡಿದೆ.

"ಉಣ್ಣದೆ ಹೆಂಗೆ ಹೋಗ್ತಾಳವ್ವಾ? ಬಾಗಿಲಾಗೆ ಕೂತು ಕಾಯ್ತಾ ಅವ್ಳೆ. ಕಾದು ಕಾದು ಸಿಟ್ಟು ಬಂದೈತೆ."

ಸುದ್ದಿ ಗಾಳಿಗಿಂತ ಬೇಗ ಬೀದಿ ಸುತ್ತಿತು. ಗೋಣಿ ಕೊಪ್ಪೆ ಹಾಕಿಕೊಂಡು ಹೆಂಗಸರು ಒಬ್ಬೊಬ್ಬರೇ ಬಂದರು. ಬಾವಿಯಲ್ಲಿ ಹಗ್ಗ ಬಿಟ್ಟುಕೊಟ್ಟವರೇ ಈಗ, "ಏನೇ ಜಗಳೂರವ್ವ, ನಮ್ಮ ಶೇಂಗಾ ಮೊಳಕೆ ಬಂದಾವೆ, ನಿಮ್ಮೂರಿಗೆ ಕಳಿಸ್ಲಾ?" ಎಂದರು. ಆನೆ ಹೋಯಿತು, ಮೂಡಗಾಳಿ ಹೋಯಿತು, ಬಂಗಾಳದ ಸಮುದ್ರವೂ ಹೋಯಿತು. ಮಳೆಗೆ ಕಾರಣ ನಾನೊಬ್ಬಳೇ ಉಳಿದೆ. ನಿಜ ಹೇಳಬೇಕೆಂದರೆ ನಾನೂ ನಂಬಿದೆ. ಅಷ್ಟು ದೊಡ್ಡ ಗಾಳಿ ನನ್ನಿಂದ ಎದ್ದಿತಲ್ಲ ಎಂದು ಹೆದರಿಕೆಯ ನಡುವೆಯೂ ಒಂದು ಚೂರು ಜಂಬ ಬಂದದ್ದು ಇವತ್ತಿಗೂ ನೆನಪಿದೆ.

ಅಟ್ಟದ ಹಿಟ್ಟಿಗೆ ಹುಳು ಬಿದ್ದಿತ್ತು. ಹೊಸ ಹಿಟ್ಟು ತೆಗೆದೆವು. ಹಸಿ ಸೌದೆ ಉರಿಯಲಿಲ್ಲ, ಹೊಗೆಯಾಡಿತು. ಕಣ್ಣು ಮುಚ್ಚಿಕೊಂಡು ನಾದಿದೆ, ಕಣ್ಣು ಮುಚ್ಚಿಕೊಂಡೇ ಬೇಯಿಸಿದೆ. ಕಡುಬು ಎಷ್ಟು ಗಟ್ಟಿಯಾದವೆಂದರೆ, ಒಂದು ಕೈಜಾರಿ ಬಿದ್ದಾಗ ಮಲಗಿದ್ದ ನಾಯಿ ಎದ್ದು ಓಡಿತು. ಅದನ್ನೇ ಗುರ್ಜಿಗೆ ಎಡೆ ಇಟ್ಟು, ಎಲ್ಲರೂ ಕೊಪ್ಪೆಯಲ್ಲಿ ಹಳ್ಳದ ಬದಿಗೆ ಹೋಗಿ ನೀರಿಗೆ ಬಿಟ್ಟೆವು. ಅತ್ತೆ ಕೈಮುಗಿದು, "ತಪ್ಪಾತವ್ವಾ. ಹುಡುಗಿ ಜಗಳೂರಿಂದು, ಮಳೆ ಜೊತೆ ಬಾಳ್ವೆ ಮಾಡಿ ಗೊತ್ತಿಲ್ಲ. ಉಂಡಾತಲ್ಲ, ಇನ್ನು ಹೊರಡು" ಎಂದರು.

ಉಳಿದ ಕಡುಬನ್ನು ಕಡಿಯುತ್ತ ಮೈದುನ, "ನಿಮ್ಮ ಮಳೆ ಉಂಡು ಹೋಗ್ತದೆ, ನಮ್ಮದು ಉಪವಾಸಕ್ಕೆ ಸಾಯ್ತದೆ. ಯಾವುದು ನಿಜ ನೋಡೇ ಬಿಡಾನ" ಎಂದ.

"ಉಪವಾಸ ಬಿದ್ದೋರು ಹಿಂಗೆ ಕುಣೀತಾರೇನಪ್ಪಾ?" ಎಂದರು ಅತ್ತೆ.

ಬೆಳಗಾಗುವಷ್ಟರಲ್ಲಿ ಮಳೆ ನಿಂತಿತ್ತು. ಅದು ಉಪವಾಸಕ್ಕೇ ಸತ್ತದ್ದು ಎಂದ ಮೈದುನ. ಆದರೆ ಕೇಳುವವರು ಯಾರು?

ಬಿಸಿಲು ಬಂತು, ಹಳ್ಳ ಇಳಿಯಿತು, ಬಸ್ಸು ಬಂತು. ಅಪ್ಪ ಬರಲಿಲ್ಲ. ಪ್ರತಿ ಬಸ್ಸಿಗೂ ನಾನು ಬಾಗಿಲಿಗೆ ಬಂದು, ಕಸ ಗುಡಿಸುವ ನೆಪ ಮಾಡಿದೆ. ನಮ್ಮ ಬಾಗಿಲು ಆ ವರ್ಷದಷ್ಟು ಸ್ವಚ್ಛ ಯಾವತ್ತೂ ಇರಲಿಲ್ಲ. ಹಬ್ಬಕ್ಕೆ ಎರಡೇ ದಿನ ಇರುವಾಗ ಜಗಳೂರು ಕಡೆಯ ಕಂಬಳಿ ಮಾರುವವನೊಬ್ಬ ಹೆಗಲ ತುಂಬ ಕಂಬಳಿ ಹೊತ್ತು ಬಂದ. ಮಳೆಯಾದಲ್ಲೆಲ್ಲ ಅವನಿಗೆ ಹಬ್ಬ.

"ನಿಮ್ಮಪ್ಪ ಹೇಳಿ ಕಳ್ಸ್ಯಾನೆ ಕಣವ್ವ. ನಮ್ಮ ಕಡೆ ಏನು ಮಳೆ ಅಂತೀಯ! ಕೆರೆಗೆ ನೀರು ಬಂದೈತೆ. ಎರೆ ಹೊಲ ಹದ ಆಗೈತೆ, ಕಡಲೆ ಬಿತ್ತಾಕೆ ಇಳಿದವ್ರೆ. ಹದ ಆರಿದ್ರೆ ಹೋಯ್ತು. ಹಬ್ಬ ಮುಗಿಸ್ಕೊಂಡು ಬಂದು ಕರೀತಾನಂತೆ."

ಜಗಳೂರಿಗೆ ಮಳೆ ಬಂದಿದೆ ಎಂದರೆ ನಾನು ಕುಣಿಯಬೇಕಾಗಿತ್ತು. ಕೊಟ್ಟಿಗೆಗೆ ಹೋಗಿ, ಖಾಲಿ ಗೂಡಿನ ಕೆಳಗೆ ಕೂತು ಅತ್ತುಬಿಟ್ಟೆ. ನಾನು ಕರೆದ ಮಳೆ ನನ್ನನ್ನು ದಾಟಿ ನನ್ನ ತವರಿಗೇ ಹೋಗಿ, ಕರೆಯಲು ಬರಬೇಕಾದ ಅಪ್ಪನನ್ನು ಹೊಲದಲ್ಲಿ ಹಿಡಿದು ಕೂರಿಸಿತ್ತು.

ನಮ್ಮ ಅತ್ತೆ ಬಂದು ಬಾಗಿಲಿಗೆ ಕೈಕೊಟ್ಟು ನಿಂತರು.

"ಮಳೆನ ನಿಮ್ಮೂರಿಗೆ ಯಾರು ಕರೆದ್ರೇ?"

"ಯಾರೂ ಕರೀಲಿಲ್ಲ."

"ಕರೀದಿದ್ರೂ ಹೋಯ್ತು ತಾನೇ? ಹೋದಲ್ಲಿ ಯಾರಾದ್ರೂ ಬ್ಯಾಡ ಅಂದ್ರಾ?"

ನಾನು ಮೂಗು ಒರೆಸಿಕೊಂಡು ತಲೆಯೆತ್ತಿದೆ.

"ಮತ್ತೆ ನೀನ್ಯಾಕೆ ಕರಿಯೋ ತನಕ ಕೂತಿದೀಯ? ಏಳು. ಟ್ರಂಕು ತಗೊ."

ನಮ್ಮ ಯಜಮಾನರು, ಕರೆಯದೆ ಅಳಿಯ ಮೊದಲ ಹಬ್ಬಕ್ಕೆ ಹೋದರೆ ಊರವರು ಏನೆಂದಾರು ಎಂದು ತಲೆ ಕೆರೆದರು. "ಅಲ್ಲಿ ಬಿತ್ತನೆ ನಡೆದೈತೆ. ಉಣ್ಣಾಕೆ ಬಂದ ಅಂತಾರೆ ಅಂತ ತಾನೆ ನಿನ್ನ ಚಿಂತೆ? ಕೂರಿಗೆ ಹಿಡಿ, ಯಾರೂ ಅನ್ನಲ್ಲ" ಎಂದರು ಅತ್ತೆ.

ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಆಗ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಹೊನ್ನಾಳಿಯಲ್ಲಿ ಕೆಂಪಗೆ ತುಂಬಿದ ಹೊಳೆ ದಾಟಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಏರು ಬಂದಲ್ಲೆಲ್ಲ ಇಳಿದು ದೂಡಿ, ಜಗಳೂರು ಮುಟ್ಟುವಾಗ ನನ್ನ ಮುಖ ಗುರ್ಜಿ ಹೊತ್ತ ದಿನದ ಬಣ್ಣಕ್ಕೇ ಬಂದಿತ್ತು. ಈ ಸಲ ಯಜಮಾನರು ಗುರುತು ಹಿಡಿದರು. ಅವರದೂ ಅದೇ ಬಣ್ಣ.

ಮೊಣಕಾಲ ತನಕ ಎರೆಮಣ್ಣು ಮೆತ್ತಿಕೊಂಡಿದ್ದ ಅಪ್ಪ ನಮ್ಮನ್ನು ಕಂಡು ಹೊಲದಿಂದಲೇ ಓಡಿ ಬಂದ. ಬಾಯ್ತುಂಬ ನಗು, ಕಣ್ಣಲ್ಲಿ ನೀರು. ಕಾಲು ತೊಳೆಯುತ್ತ ಯಜಮಾನರು ಗುರ್ಜಿಯ ಕತೆಯನ್ನೆಲ್ಲ ಹೇಳಿದರು. ಮಳೆ ನಿಲ್ಲಿಸಿದ ಹೆಂಡತಿಯ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಕೇಳುತ್ತ ಕೇಳುತ್ತ ಅಪ್ಪನ ಮುಖ ಇಳಿಯಿತು.

"ನಿಲ್ಸಿದೋಳು ನೀನೇ ಏನವ್ವಾ? ಕೆರೆ ಕೋಡಿ ಬೀಳಾಕೆ ಇನ್ನೊಂದು ಗೇಣು ಇತ್ತು. ಇಷ್ಟು ದಿನ ಮರೆತಿದ್ದೋಳು ಇನ್ನೊಂದು ದಿನ ಮರೆತಿದ್ರೆ ಏನಾಗ್ತಿತ್ತು?"

ಮಾರನೆಯ ಬೆಳಿಗ್ಗೆ ನಮ್ಮಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಅಪ್ಪನ ಮಾತನ್ನೇ ದೂರಿದೆ. ಅಜ್ಜಿ ಎಣ್ಣೆಯನ್ನು ನೆತ್ತಿಗೆ ಸುರಿದು ಪಟಪಟನೆ ತಟ್ಟಿದಳು.

"ಕಡುಬು ಮಾಡಿದ್ದು ಯಾರೇ?"

"ನಾನೇ."

"ಮತ್ತೆ! ಮಳೆ ಏನು ಮಾಡ್ತದೆ ಪಾಪ. ನಿನ್ನ ಕೈ ಕಡುಬು ಒಂದು ಸಲ ಉಂಡೋರು ಯಾರು ತಾನೆ ಅಲ್ಲಿ ನಿಂತಾರು?"

ಎಣ್ಣೆ ಕಣ್ಣಿಗಿಳಿದು ಉರಿಯುತ್ತಿತ್ತು. ಇನ್ನಷ್ಟು ತಟ್ಟು ಎಂದೆ.