ಎರಡು ನೂಲು

ನಮ್ಮ ಭಾವನನ್ನು ಎಲ್ಲರೂ ಓರೆ ಮೇಸ್ತ್ರಿ ಅಂತಲೇ ಕರೆಯುವುದು. ಬುದ್ಧಿ ಓರೆ ಅಂತಲ್ಲ. ಅದೂ ಒಂದಿಷ್ಟು ಇದೆ, ಹೇಳಿದರೆ ನಾನೇ ಕೆಟ್ಟವಳಾಗುತ್ತೇನೆ. ಗೋಡೆಗೆ ಹೊಡೆದ ಹಲಗೆಗಳ ಕೆಳಗೆ ಓರೆಯಾಗಿ ಕೂತು ಭಾರ ಹೊರುವ ಮರದ ಪಟ್ಟಿ ಇರುತ್ತದಲ್ಲ, ಅದನ್ನು ಅವರ ಹಾಗೆ ಕೂರಿಸುವವರು ನಮ್ಮ ಕಡೆ ಇನ್ನೊಬ್ಬರಿಲ್ಲ. ಒಂದು ತುದಿ ಹಲಗೆಗೆ, ಇನ್ನೊಂದು ತುದಿ ಗೋಡೆಗೆ. ಮೊಳೆ ಹೊಡೆಯುವ ಮೊದಲೇ ಪಟ್ಟಿ ಬಿಗಿಯಾಗಿ ನಿಲ್ಲುತ್ತಿತ್ತು. ಸಂದಿಯಲ್ಲಿ ಕಾಗದ ತೂರಿಸಲೂ ಜಾಗ ಇರುತ್ತಿರಲಿಲ್ಲ.

ಯಾವ ಗೋಡೆಯೂ ನೆಟ್ಟಗಿರುವುದಿಲ್ಲ, ಹಾಗಾಗಿ ಒಂದು ಪಟ್ಟಿಯ ಅಳತೆ ಅದರ ಪಕ್ಕದ್ದಕ್ಕೆ ಆಗಿಬರುವುದಿಲ್ಲ. ಪ್ರತಿಯೊಂದನ್ನೂ ಅದರದರ ಜಾಗದಲ್ಲೇ ಅಳೆಯಬೇಕು. ಭಾವ ಒಳಗೆ ಗೋಡೆಗೆ ಮುಖ ಮಾಡಿ ನಿಂತು, ಟೇಪು ಹಿಡಿದು "ಹದಿನಾಲ್ಕು!" ಅಂತ ಕೂಗುವರು. ಬಾಗಿಲ ಹೊರಗೆ ಗರಗಸ ಹಿಡಿದು ಕೂತ ನಮ್ಮಕ್ಕ "ಹದಿನಾಲ್ಕು" ಅಂತ ತಿರುಗಿ ಹೇಳಬೇಕು. ಹೇಳದೆ ಕತ್ತರಿಸುವಂತಿಲ್ಲ. ಕತ್ತರಿಸಿದ ಮೇಲೆ ಪಟ್ಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಅದೇ ಸಂಖ್ಯೆ ಬರೆದು ಒಳಗೆ ಕೊಡಬೇಕು. ಗಂಡ ಹೆಂಡತಿ ದಿನವಿಡೀ ಹೀಗೆ ಬರೀ ಸಂಖ್ಯೆಗಳಲ್ಲೇ ಮಾತಾಡಿಕೊಳ್ಳುವುದನ್ನು ಕಂಡು ನನಗೆ ನಗು ಬರುತ್ತಿತ್ತು.

ಮೊದಲು ಎರಡೂ ಕೆಲಸವನ್ನು ಭಾವನೇ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಮರದ ಚೂರೊಂದು ಸಿಡಿದು ಎಡಗಣ್ಣಿಗೆ ಹೊಡೆಯಿತು. ಕಣ್ಣು ಹೋಯಿತು. "ನಾನಿನ್ನು ಬಡಗಿ ಅಲ್ಲ" ಅಂತ ನಾಲ್ಕು ತಿಂಗಳು ಮಂಚ ಬಿಟ್ಟು ಏಳಲಿಲ್ಲ ಮಹಾರಾಯರು. ಅಕ್ಕನೇ ಎಬ್ಬಿಸಿದಳು. "ನೀವು ಅಳೀರಿ, ನಾನು ಕತ್ತರಿಸ್ತೀನಿ" ಅಂದಳು. ಗರಗಸ ಮುಟ್ಟಿಯೇ ಗೊತ್ತಿಲ್ಲದವಳು ಹಳೆ ಹಲಗೆಗಳ ಮೇಲೆ ಕೈ ತಿದ್ದಿಕೊಂಡಳು. ಅಂಗೈ ತುಂಬ ಬೊಬ್ಬೆ. ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅವರ ಅಡುಗೆಮನೆಯದೇ ಹಲಗೆ. ಪಟ್ಟಿ ಮೊದಲ ಸಲಕ್ಕೇ ಗಕ್ಕನೆ ಕೂತಿತು. ಅವತ್ತು ಭಾವ ಹೊಟ್ಟೆ ತುಂಬ ಉಂಡರು ಅಂತ ಅಕ್ಕ ಓಡಿ ಬಂದು ಹೇಳಿದ್ದಳು.

ಅಲ್ಲಿಂದ ಶುರುವಾಯಿತು ನೋಡಿ ಅವರ ಜಂಬ. ಯಾರಾದರೂ ಕೆಲಸ ಹೊಗಳಿದರೆ ಸಾಕು, "ಅಳತೆ ಸರಿ ಇದ್ರೆ ಆಯ್ತು, ಕತ್ತರಿಸೋದು ಯಾರು ಬೇಕಾದ್ರೂ ಕತ್ತರಿಸ್ತಾರೆ" ಅನ್ನುವರು. ಅಕ್ಕ ಮರದ ಪುಡಿ ಗುಡಿಸುತ್ತ ಪಕ್ಕದಲ್ಲೇ ಇರುತ್ತಿದ್ದಳು. ನನ್ನ ಮೈ ಉರಿಯುತ್ತಿತ್ತು.

ಔಷಧಿ ಅಂಗಡಿಯಲ್ಲಿ ನಡೆದದ್ದನ್ನಂತೂ ನಾನು ಮರೆತಿಲ್ಲ. ಎಂಟು ವರ್ಷವಾಯಿತು. ಅಲ್ಲಿ ಇಬ್ಬರೂ ಹಲಗೆ ಕೂರಿಸುತ್ತಿದ್ದರು, ನಾನು ತಲೆನೋವಿನ ಮಾತ್ರೆಗೆ ಹೋಗಿದ್ದೆ. ಭಾವ ಸ್ಟೂಲು ಹತ್ತಿ, ಟೇಪಿಗೆ ನೇರ ಕಣ್ಣಿಟ್ಟು ಅಳೆದು ಕೂಗಿದರು. ಅಕ್ಕ ಕತ್ತರಿಸಿ ಕೊಟ್ಟ ಪಟ್ಟಿ ಉದ್ದವಾಯಿತು. ಎಷ್ಟು? ಕಾಲಿಂಚು. ಅಷ್ಟಕ್ಕೇ, ಅಂಗಡಿಯವರ ಎದುರು, ನನ್ನ ಎದುರು, "ಒಂದು ಗೆರೆ ಮೇಲೆ ಗರಗಸ ಓಡ್ಸೋಕೆ ಬರಲ್ವಾ ನಿಂಗೆ? ಅಳತೇನ ಕೈಗೆ ಕೊಟ್ಟಿದೀನಲ್ಲ! ಇಷ್ಟು ವರ್ಷ ಏನು ಕಲಿತೆ?" ಅಂತ ಕೂಗಾಡಿದರು. ಅಕ್ಕನ ಮುಖ ಸಣ್ಣಗಾಯಿತು. "ತಪ್ಪಾಯ್ತು ಕಣ್ರೀ, ಕೊಡಿ" ಅಂದು ಪಟ್ಟಿ ತೆಗೆದುಕೊಂಡು ಹೋಗಿ ತುದಿ ಉಜ್ಜಿಕೊಂಡು ಬಂದಳು. ಆಮೇಲೆ ಒಂದು ವರ್ಷ ನಾನು ಭಾವನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಅಕ್ಕ ಹೋಗಿ ಐದು ತಿಂಗಳಾಯಿತು. ಹನ್ನೊಂದು ದಿನದ ಜ್ವರ, ಅಷ್ಟೇ. ನನ್ನ ಹೊಲಿಗೆ ಅಂಗಡಿಯಿಂದ ನಾಲ್ಕನೇ ಬಾಗಿಲು ಅವರ ಮನೆ. ಈಗಲೂ ಬೆಳಿಗ್ಗೆ ಕೈಗೆ ಟೇಪು ಸಿಕ್ಕದಿದ್ದರೆ ಅವಳು ಒಯ್ದಿರಬೇಕು ಅಂದುಕೊಳ್ಳುತ್ತೇನೆ. ಆಮೇಲೆ ನೆನಪಾಗುತ್ತದೆ.

ಮಕ್ಕಳಿಲ್ಲದ ಮನೆ. ಎರಡು ಹೊತ್ತು ನಾನೇ ಊಟ ಕೊಟ್ಟು ಬರುತ್ತಿದ್ದೆ. ಮೂರು ತಿಂಗಳು ಕಳೆದ ಮೇಲೆ ಅದೇ ಔಷಧಿ ಅಂಗಡಿಯವರು ಪಕ್ಕದ ಕೋಣೆಗೂ ಹಲಗೆ ಬೇಕು ಅಂತ ಕರೆದರು. ಭಾವ ಒಬ್ಬರೇ ಹೋದರು, ಒಬ್ಬರೇ ಅಳೆದರು, ಒಬ್ಬರೇ ಕತ್ತರಿಸಿದರು. ಮೊದಲ ಪಟ್ಟಿ ಗಿಡ್ಡವಾಯಿತು. ಎರಡನೆಯದೂ ಗಿಡ್ಡ. ಮೂರನೆಯದೂ. ವಾಪಸು ಬಂದು ಗರಗಸವನ್ನು ಅಕ್ಕನ ಹಳೆ ಸೀರೆಯ ತುಂಡಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು.

"ಕೈ ಹೋಯ್ತು ಕಣೇ ಸೂಜಿ" ಅಂದರು. ನನ್ನ ನಾಲಿಗೆಗೆ ಅವರಿಟ್ಟ ಹೆಸರು ಅದು. "ಮೊದಲು ಕಣ್ಣು ಹೋಯ್ತು, ಆಮೇಲೆ ಅವಳು ಹೋದ್ಲು, ಈಗ ಅಳತೇನೂ ಹೋಯ್ತು. ಇನ್ನು ಯಾಕೆ ಇರ್ಬೇಕು ನಾನು?"

"ಸಾಕು ಮಾಡಿ ಭಾವ, ಅಂಥ ಮಾತೆಲ್ಲ ಆಡ್ಬೇಡಿ" ಅಂತ ಬೈದೆ. ಒಳಗೊಳಗೇ ಹೆದರಿದೆ. ಅವತ್ತಿನಿಂದ ಕೊಟ್ಟ ಊಟ ಅರ್ಧಕ್ಕರ್ಧ ವಾಪಸು ಬರತೊಡಗಿತು. ಕಣ್ಣು ಹೋದಾಗ ಎಬ್ಬಿಸಲು ಅಕ್ಕ ಇದ್ದಳು. ಈಗ ಇವರನ್ನು ಯಾರು ಎಬ್ಬಿಸಬೇಕು?

ಒಂದು ಮಧ್ಯಾಹ್ನ ಊಟ ಒಯ್ದರೆ, ಅಡುಗೆಮನೆಯ ಹಲಗೆ ಕೆಳಗಿದೆ, ಪಾತ್ರೆಗಳೆಲ್ಲ ನೆಲದ ಮೇಲಿವೆ. "ಏನಿದು ಅವತಾರ?" ಅಂದೆ.

"ನಾನು ಅಳೆದದ್ದಲ್ವಾ? ಇವತ್ತಲ್ಲ ನಾಳೆ ನಿನ್ನ ತಲೆ ಮೇಲೆ ಬೀಳುತ್ತೆ. ಅದಕ್ಕೇ ಬಿಚ್ಚಿದೆ" ಅಂದು ಭಾವ ಹೋಗಿ ಮಲಗಿಬಿಟ್ಟರು.

ನಾನು ಸಿಟ್ಟಿನಲ್ಲಿ ಪಾತ್ರೆ ಎತ್ತಿಡುತ್ತ ಕೂತೆ. ಓರೆಪಟ್ಟಿಗಳು ಕಾಲ ಬಳಿ ಬಿದ್ದಿದ್ದವು. ಒಂದರ ಬೆನ್ನ ಮೇಲೆ ಅಕ್ಕನ ಗುಂಡು ಅಕ್ಷರದಲ್ಲಿ ಹದಿನಾಲ್ಕು. ಆ ಬರಹ ಕಂಡು ಅಳು ಬಂತು. ಕೊರಳಲ್ಲಿ ಟೇಪು ನೇತಾಡುತ್ತಿತ್ತು, ಸುಮ್ಮನೆ ಹಿಡಿದೆ. ಹದಿನಾಲ್ಕೂ ಕಾಲು. ಸರಿಯಾಗಿ ಹಿಡಿದಿಲ್ಲ ಅಂತ ಇನ್ನೊಮ್ಮೆ ಹಿಡಿದೆ. ಹದಿನಾಲ್ಕೂ ಕಾಲೇ. ಹನ್ನೊಂದು ಅಂತ ಬರೆದದ್ದು ಹನ್ನೊಂದೂಕಾಲು ಇತ್ತು. ನಾಲ್ಕಕ್ಕೆ ನಾಲ್ಕೂ ಹಾಗೇ. ಎದ್ದು ಹೋಗಿ ಹಜಾರದ ಹಲಗೆಯ ಕೆಳಗೆ ಹಿಡಿದೆ, ಅಲ್ಲೂ ಕಾಲಿಂಚು ಹೆಚ್ಚು. ಮಲಗುವ ಕೋಣೆಯಲ್ಲಿ ಭಾವ ಮದುವೆಯಾದ ಹೊಸದರಲ್ಲಿ, ಎರಡೂ ಕಣ್ಣಿದ್ದಾಗ, ತಾವೇ ಅಳೆದು ತಾವೇ ಕತ್ತರಿಸಿದ ಹಲಗೆ ಇದೆ. ಅದರ ಪಟ್ಟಿ ಮಾತ್ರ ಬರೆದಷ್ಟೇ ಇತ್ತು.

ಆಗ ಅಕ್ಕ ಯಾವತ್ತೋ ನನ್ನ ಅಂಗಡಿಯಲ್ಲಿ ಕೂತು ಆಡಿದ ಮಾತು ನೆನಪಾಯಿತು. ನಾನು ರವಿಕೆಯ ಬಗಲಿಗೆ ಒಳಗೆ ಬಟ್ಟೆ ಬಿಡುತ್ತಿದ್ದೆ. "ನಾನೂ ಹಾಗೇ ಒಂದಿಷ್ಟು ಬಿಡ್ತೀನಿ ಕಣೇ" ಅಂದಿದ್ದಳು. "ಮರಕ್ಕೆ ಎಂಥಾ ಒಳಹೊಲಿಗೆಯೇ?" ಅಂತ ನಾನು ನಕ್ಕಿದ್ದೆ. ಅವಳೂ ನಕ್ಕಿದ್ದಳು.

ಒಂಟಿ ಕಣ್ಣು. ಗೋಡೆಯ ಮೂಲೆಗೆ ತಲೆ ತೂರುವುದಿಲ್ಲ, ಪಕ್ಕದಿಂದ ಓದುತ್ತಾರೆ. ಓದಿದ್ದು ಪ್ರತಿಸಲವೂ ಒಂದಿಷ್ಟು ಕಮ್ಮಿ. ಹಳೆ ಹಲಗೆಗಳ ಮೇಲೆ ಕೈ ತಿದ್ದಿಕೊಳ್ಳುವಾಗ ಪಟ್ಟಿ ಗಿಡ್ಡವಾದದ್ದು ಕಂಡೇ ಅಕ್ಕನಿಗೆ ಅದು ಗೊತ್ತಾಗಿರಬೇಕು. ನಾವು ದರ್ಜಿಗಳು ಕಾಲಿಂಚು ಅನ್ನುವುದಕ್ಕೆ ಬಡಗಿಗಳು ಎರಡು ನೂಲು ಅನ್ನುತ್ತಾರೆ. ಹತ್ತೊಂಬತ್ತು ವರ್ಷ, ಪ್ರತಿ ಪಟ್ಟಿಗೂ ಎರಡು ನೂಲು ಸೇರಿಸಿ ಕತ್ತರಿಸಿ, ಬೆನ್ನ ಮೇಲೆ ಗಂಡ ಕೂಗಿದ ಸಂಖ್ಯೆಯನ್ನೇ ಬರೆದಿದ್ದಳು.

ಹೇಳಬಾರದಿತ್ತೋ ಏನೋ. ಹೇಳಿದರೆ ಅಕ್ಕ ಇಷ್ಟು ವರ್ಷ ಕಾಪಾಡಿದ್ದು ಒಂದೇ ಮಾತಿಗೆ ಮಣ್ಣುಪಾಲು. ಹೇಳದಿದ್ದರೆ ಈ ಮನುಷ್ಯ ಇದೇ ಮಂಚದ ಮೇಲೆ ಒಣಗಿಹೋಗುತ್ತಾರೆ. ನನಗೆ ಅಕ್ಕನಷ್ಟು ತಾಳ್ಮೆ ಎಲ್ಲಿದೆ? ಪಟ್ಟಿಗಳನ್ನು ತಂದು ಮಂಚದ ಮೇಲೆ ದಬದಬ ಹಾಕಿದೆ.

"ಏಳಿ ಭಾವ. ನಿಮ್ಮ ಅಳತೆ ಈಗ ಕೆಟ್ಟಿದ್ದಲ್ಲ. ಕಣ್ಣು ಹೋದ ದಿನಾನೇ ಕೆಟ್ಟಿತ್ತು. ನಮ್ಮಕ್ಕ ಸರಿ ಮಾಡ್ಕೊಂಡು ಬಂದ್ಲು. ನಂಬಿಕೆ ಇಲ್ಲಾಂದ್ರೆ ಹಿಡಿದು ನೋಡಿ!"

ಭಾವ ಒಂದೊಂದನ್ನೇ ಹಿಡಿದು ನೋಡಿದರು, ಟೇಪಿನ ಮೇಲಕ್ಕೆ ಬಾಗಿ, ಒಳ್ಳೆ ಕಣ್ಣನ್ನು ನೇರ ತಂದು. ಮನೆಯ ಹಲಗೆಗಳನ್ನೆಲ್ಲ ಸುತ್ತಿ ಬಂದರು. ಕೊನೆಗೆ ಬಚ್ಚಲಿನ ಸೋಪಿನ ಹಲಗೆಯ ಎದುರು ಕುಕ್ಕರಗಾಲಲ್ಲಿ ಕೂತರು. ಅದು ಜ್ವರ ಬರುವ ಹಿಂದಿನ ವಾರ ಅಕ್ಕ ಕತ್ತರಿಸಿದ್ದು. ಅಂಗೈಯಗಲದ ಪಟ್ಟಿ, ಅದಕ್ಕೂ ಎರಡು ನೂಲು. ಅಕ್ಕ ಸತ್ತ ದಿನವೂ ಅಳದ ಮನುಷ್ಯ ಅಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಒಂದು ಮಾತು ಹೇಳ್ಬಾರ್ದಿತ್ತಾ ಅವಳು?" ಅಂದರು.

"ಹೇಳಿದ್ರೆ ನೀವು ಮತ್ತೆ ಮಲಗಿಬಿಡ್ತಿದ್ರಿ."

ಅವರು ಪಟ್ಟಿಯ ಮೇಲಿನ ಬರಹವನ್ನು ಹೆಬ್ಬೆರಳಲ್ಲಿ ಸವರಿದರು. ಆಮೇಲೆ, "ಔಷಧಿ ಅಂಗಡೀಲಿ ಅವತ್ತು ಸ್ಟೂಲು ಹತ್ತಿ ನೇರ ನೋಡಿದ್ದೆ, ಅಲ್ವಾ? ಅವತ್ತು ನನ್ನ ಅಳತೆ ಸರಿ ಇತ್ತು. ಅದಕ್ಕೇ ಅವಳದ್ದು ಉದ್ದ ಆಯ್ತು" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಗರಗಸ ಹೊರಗೆ ಬಂತು. ಅರ್ಧಕ್ಕೆ ಬಿಟ್ಟಿದ್ದ ಔಷಧಿ ಅಂಗಡಿಯ ಕೆಲಸಕ್ಕೆ, ನನ್ನ ಅಂಗಡಿ ಮುಚ್ಚಿ ನಾನೂ ಜೊತೆಗೆ ಹೋದೆ. ಒಳಗಿನಿಂದ ಭಾವ "ಹದಿನಾರು" ಅಂದರು, ಮೊದಲಿನ ಜೋರಿರಲಿಲ್ಲ. ನಾನು "ಹದಿನಾರು" ಅಂದು, ಎರಡು ನೂಲು ಸೇರಿಸಿ ಗೆರೆ ಎಳೆದು ಕತ್ತರಿಸಿದೆ. ನನ್ನ ಕೈಯಲ್ಲಿ ಗರಗಸ ಸೊಟ್ಟಪಟ್ಟ ಓಡಿತು, ತುದಿಯನ್ನು ಅವರೇ ಉಜ್ಜಿ ತಿದ್ದಿದರು. ಸಂಜೆಗೆ ಎಲ್ಲ ಪಟ್ಟಿಗಳೂ ಕೂತವು. ಅಂಗಡಿಯವರು ಸಂದಿಗೆ ಬೆರಳಾಡಿಸಿ, "ಎಂಥಾ ಅಳತೆ ಮೇಸ್ತ್ರಿ ನಿಮ್ದು!" ಅಂದರು.

ಭಾವ ಎಂದಿನ ಮಾತು ಹೇಳಲಿಲ್ಲ. "ಎಂಟು ವರ್ಷದ ಹಿಂದೆ ಇಲ್ಲೇ ನನ್ನ ಹೆಂಡ್ತಿ ಮೇಲೆ ಕೂಗಾಡಿದ್ದೆ. ನೀವು ಅಲ್ಲಿ ನಿಂತಿದ್ರಿ. ಪಟ್ಟಿ ಉದ್ದ ಆಯ್ತು ಅಂತ. ಅವತ್ತು ತಪ್ಪು ಅವಳದಲ್ಲ, ನಂದು."

ಅಂಗಡಿಯವರು ನನ್ನ ಮುಖ ನೋಡಿದರು. "ಹೌದಾ? ನನಗೇನೂ ನೆನಪಿಲ್ವಲ್ಲ ಮೇಸ್ತ್ರಿ. ಬಿಡಿ, ಯಾವತ್ತಿನ ಮಾತೋ."

"ನೆನಪು ಮಾಡ್ಕೊಳ್ಳಿ ಸಾಮಿ" ಅಂದರು ಭಾವ. "ಅವಳು ತಪ್ಪಾಯ್ತು ಅಂದ್ಲು. ಈ ಬಾಗಿಲಿಂದಾನೇ ಹೊರಗೆ ಹೋಗಿ ಉಜ್ಜಿಕೊಂಡು ಬಂದ್ಲು. ಸ್ವಲ್ಪ ನೆನಪು ಮಾಡ್ಕೊಳ್ಳಿ."

ಪಾಪ, ಅವರು ತಲೆ ಕೆರೆದುಕೊಂಡು ನಿಂತರು. ದಿನಕ್ಕೆ ನೂರು ಜನ ಬಂದು ಹೋಗುವ ಅಂಗಡಿ ಅದು.

ಎಂಟು ವರ್ಷ ಆ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದವಳು ನಾನು. ಗರಗಸ ಕೆಳಗಿಟ್ಟೆ.

"ನನಗೆ ನೆನಪಿದೆ ಭಾವ" ಅಂದೆ. "ನಾನಿದ್ದೆ."

ಭಾವ ನನ್ನ ಕಡೆ ತಿರುಗಿದರು. ಒಳ್ಳೆ ಕಣ್ಣು ಪೂರ ಕೆಂಪಾಗಿತ್ತು.

"ಹಾಗಾದ್ರೆ ನಿಂಗೇ ಹೇಳ್ತೀನಿ ಸೂಜಿ. ನಿಮ್ಮಕ್ಕಂದು ಏನೂ ತಪ್ಪಿರ್ಲಿಲ್ಲ."

"ಹೂಂ ಭಾವ" ಅಂದೆ. ಆಮೇಲೆ ಇಬ್ಬರೂ ಸೇರಿ ಮರದ ಪುಡಿ ಗುಡಿಸಿದೆವು.